ಗಿಳಿಹಸಿರು ರವಿಕೆ ಕಣ

ನಮ್ಮ ಅಂಗಡಿಯಲ್ಲಿ ಸಿಗದ ವಸ್ತು ದೇವನಹಳ್ಳಿ ತಾಲ್ಲೂಕಿನಲ್ಲೇ ಸಿಗುವುದಿಲ್ಲ. ಇದನ್ನು ನಾನೊಬ್ಬನೇ ಹೇಳುತ್ತಿಲ್ಲ, ಬೋರ್ಡಿನ ಮೇಲೂ ಬರೆಸಿದ್ದೇನೆ. ಮನೋಹರ್ ಪ್ರಾವಿಷನ್ ಸ್ಟೋರ್ ಅಂದರೆ ಏರ್‌ಪೋರ್ಟಿಗೆ ಇಳಿಯುವ ವಿಮಾನಗಳು ಒಂದು ಕ್ಷಣ ತಡೆದು, ಕೆಳಗೆ ಬಗ್ಗಿ ನೋಡಿ, ಆಮೇಲೆ ಮುಂದಕ್ಕೆ ಹೋಗುವಂಥ ಅಂಗಡಿ. ಗಾಜಿನ ಬಾಗಿಲಿದೆ. ಮೂರು ಕ್ಯಾಮೆರಾ ಇವೆ, ಅವುಗಳಲ್ಲಿ ಒಂದು ಕೆಲಸವನ್ನೂ ಮಾಡುತ್ತದೆ. ನಮ್ಮ ಬೀದಿಯಲ್ಲಿರುವುದು ಅರವತ್ತು ಮನೆ. ಹೊರಗಿನವರು ಕೇಳಿದರೆ ಆರುನೂರು ಎನ್ನುತ್ತೇನೆ. ಯಾರೂ ಎಣಿಸಲು ಬಂದಿಲ್ಲ.

ಈ ಸಲ ವರಮಹಾಲಕ್ಷ್ಮಿ ಹಬ್ಬಕ್ಕೆ ಬೇಳೆ ಬೆಲ್ಲ ಕೊಳ್ಳಲು ಬಂದ ಪ್ರತಿ ಹೆಂಗಸಿಗೂ, “ಶುಕ್ರವಾರ ಸಂಜೆ ನಮ್ಮನೆಗೆ ಅರಿಶಿನ ಕುಂಕುಮಕ್ಕೆ ಬರ್ಲೇಬೇಕು” ಎಂದೆ. ನನ್ನ ಹೆಂಡತಿ ಅರ್ಪಿತ ಮೂವತ್ತು ತಾಂಬೂಲ ಜೋಡಿಸಿಟ್ಟಿದ್ದಳು. ಬಂದವರು ಸಾವಿರ ಜನ. ಸರಿ, ಐವತ್ತು ಅಂತಿಟ್ಟುಕೊಳ್ಳಿ. ಏಳು ಗಂಟೆಯ ಹೊತ್ತಿಗೆ ಎಲೆ ಅಡಿಕೆ ಇತ್ತು, ಬಾಳೆಹಣ್ಣಿತ್ತು, ರವಿಕೆ ಕಣ ಮಾತ್ರ ಮುಗಿದಿದ್ದವು. ಅರ್ಪಿತ ಅಡುಗೆಮನೆಯ ಬಾಗಿಲಲ್ಲಿ ನಿಂತು ಕಣ್ಣಲ್ಲೇ ನನ್ನನ್ನು ಹುರಿಯುತ್ತಿದ್ದಳು. ನಾನು ಅಷ್ಟಕ್ಕೆಲ್ಲ ಸೋಲುವ ಗಂಡಸೇ? ಅಮ್ಮನ ಕೋಣೆಗೆ ಹೋದೆ, ಅವಳ ತಗಡಿನ ಪೆಟ್ಟಿಗೆ ತೆರೆದೆ, ಒಳಗಿದ್ದ ಕಣಗಳ ಗಂಟನ್ನೇ ಎತ್ತಿಕೊಂಡು ಬಂದು ನನ್ನ ಕೈಯಾರೆ ಹಂಚಿದೆ. ಅಮ್ಮ ಆಗ ಹಿತ್ತಲ ಕಟ್ಟೆಯ ಮೇಲೆ ಕೂತಿದ್ದಳು. ಗಂಡ ಸತ್ತವರು ಅರಿಶಿನ ಕುಂಕುಮದ ಹೊತ್ತಿನಲ್ಲಿ ಅಲ್ಲೇ ಕೂರುವುದು.

ರವಿಕೆ ಕಣದ ಸಂಗತಿ ಗೊತ್ತಿಲ್ಲದ ಗಂಡಸರಿಗಾಗಿ ಹೇಳುತ್ತೇನೆ. ಅದನ್ನು ಯಾರೂ ಹೊಲಿಸಿಕೊಳ್ಳುವುದಿಲ್ಲ. ಒಬ್ಬಳು ತಾಂಬೂಲದ ಜೊತೆ ಕೊಟ್ಟದ್ದನ್ನು ಇನ್ನೊಬ್ಬಳು ಮಡಿಕೆ ಬಿಚ್ಚದೆ ಬೀರುವಿನಲ್ಲಿಟ್ಟು ಮುಂದಿನ ಹಬ್ಬಕ್ಕೆ ಮೂರನೆಯವಳಿಗೆ ದಾಟಿಸುತ್ತಾಳೆ. ನಮ್ಮ ಬೀದಿಯಲ್ಲಿ ಬೂದು ಬಣ್ಣದ ಒಂದು ಕಣ ಹದಿನಾಲ್ಕು ವರ್ಷದಿಂದ ಸುತ್ತುತ್ತಿದೆ, ಅದಕ್ಕೆ ವೋಟರ್ ಐಡಿ ಮಾಡಿಸಬಹುದು. ಆದರೆ ತನಗೆ ಬಂದ ಕಣವನ್ನು ಇನ್ನೊಬ್ಬರಿಗೆ ದಾಟಿಸಿದೆ ಎಂದು ಒಪ್ಪಿಕೊಂಡ ಹೆಂಗಸು ಇನ್ನೂ ಹುಟ್ಟಿಲ್ಲ.

ಹಬ್ಬದ ಮಾರನೇ ದಿನವೇ ಅಮ್ಮನಿಗೆ ಕಾಲು ಊದಿಕೊಂಡಿತು, ಜ್ವರ ಬಂತು, ಹಾಸಿಗೆ ಹಿಡಿದಳು. ಬೀದಿಯವರು ಕೇಳಿದಾಗ, “ಅಮ್ಮನ್ನ ತಿರುಪತಿಗೆ ಕಳ್ಸಿದೀನಿ, ಫ್ಲೈಟಲ್ಲಿ” ಎಂದೆ. ಕಾಯಿಲೆ ಎಂದರೆ ಜನ ಸುಮ್ಮನೆ ಬಂದು ಕೂತು ಕಾಫಿ ಕುಡಿಯುತ್ತಾರೆ. ಎರಡು ವಾರ ಹೀಗೇ ಕಳೆಯಿತು. ಗೌರಿ ಹಬ್ಬಕ್ಕೆ ನಾಲ್ಕು ದಿನ ಇರುವಾಗ, ಮಂಗಳವಾರ ಬೆಳಗಿನ ಜಾವ, ಅವಳಿಗೆ ಉಸಿರು ಸಿಕ್ಕದಂತಾಯಿತು. ಆಸ್ಪತ್ರೆಗೆ ಹೊತ್ತುಕೊಂಡು ಓಡಿದೆವು.

ಒಂಬತ್ತು ಗಂಟೆಗೆ ಡಾಕ್ಟರು ನನ್ನನ್ನು ಹೊರಗೆ ಕರೆದಳು. ನನ್ನ ಅರ್ಧ ವಯಸ್ಸಿನ ಹುಡುಗಿ.

“ಹಾರ್ಟ್ ಪಂಪಿಂಗ್ ಹದಿನೈದು ಪರ್ಸೆಂಟ್ ಇದೆ ಸರ್. ಬೆಂಗಳೂರಿಗೆ ಕರ್ಕೊಂಡ್ ಹೊರಟ್ರೂ ದಾರಿ ತಡ್ಕೊಳ್ಳೋದು ಕಷ್ಟ. ಬರೋರು ಯಾರಾದ್ರೂ ಇದ್ರೆ ಇವತ್ತೇ ಬರಕ್ಕೆ ಹೇಳಿ. ರಾತ್ರಿ ಅಂತ ಇಟ್ಕೋಬೇಡಿ.”

ಯಾರು ಏನು ಹೇಳಿದರೂ ಅದಕ್ಕೆ ಹತ್ತು ಸೇರಿಸುವುದು ನನ್ನ ಹುಟ್ಟುಗುಣ. ಆ ಹದಿನೈದಕ್ಕೆ ಏನು ಸೇರಿಸಬೇಕೋ ತಿಳಿಯಲಿಲ್ಲ.

ಒಳಗೆ ಹೋದೆ. ಅಮ್ಮ ಮಾಸ್ಕನ್ನು ಎರಡು ಬೆರಳಿನಿಂದ ಎತ್ತಿ ಹಿಡಿದು ನನ್ನನ್ನೇ ನೋಡಿದಳು.

“ಲೇ ಮನೋ... ವಾಣೀನ ಕರ್ಸೋ.”

“ಕರ್ಸ್ತೀನಮ್ಮ.”

“ನಂಬರ್ರು... ಪೆಟ್ಟಿಗೇಲಿ ಗಿಳಿಹಸ್ರು ರವ್ಕೆ ಕಣ ಐತೆ... ಕೆಂಪಂಚಿಂದು. ಅದ್ರ ಮಡಿಕೇಲಿ ಚೀಟಿ.”

ಬೇರೆ ಯಾರ ಹತ್ತಿರವಾದರೂ ನಂಬರ್ ಇದೆಯೇ ಎಂದು ಕೇಳುವಷ್ಟರಲ್ಲಿ ನರ್ಸ್ ಬಂದು ಮಾಸ್ಕನ್ನು ಮತ್ತೆ ಮೂಗಿನ ಮೇಲೆ ಒತ್ತಿ ನನ್ನನ್ನು ಹೊರಗಟ್ಟಿದಳು. ಗಿಳಿಹಸಿರು, ಕೆಂಪಂಚು. ಅದನ್ನು ತಟ್ಟೆಯಿಂದ ಎತ್ತಿ ಕೊಟ್ಟ ಕೈ ಇದೇ.

ವಾಣಿ ಎಂದರೆ ನನ್ನ ತಂಗಿ ವಾಣಿಶ್ರೀ. ಎರಡು ವರ್ಷದಿಂದ ಅವಳು ಎಲ್ಲಿದ್ದಾಳೆ ಎಂದು ನನಗೆ ಗೊತ್ತಿಲ್ಲ. ಗೊತ್ತಿಲ್ಲದಂತೆ ಮಾಡಿಕೊಂಡವನು ನಾನೇ. ಕುಂದಾಣದ ಹತ್ತಿರ ನಮ್ಮಪ್ಪನ ಒಂದು ಎಕರೆ ಇತ್ತು. ಒಳ್ಳೆಯ ಪಾರ್ಟಿ ಸಿಕ್ಕಿತ್ತು. ವಾಣಿಯ ಸಹಿ ಬೇಕಿತ್ತು, ಅವಳು “ಯೋಚ್ನೆ ಮಾಡ್ತೀನಿ ಅಣ್ಣ” ಎಂದು ದಿನ ತಳ್ಳುತ್ತಿದ್ದಳು. ಒಂದು ಬೆಳಗ್ಗೆ ಅವಳಿಗೆ ಫೋನ್ ಮಾಡಿ, “ಅಮ್ಮನಿಗೆ ಹಾರ್ಟ್ ಅಟ್ಯಾಕ್ ಆಗ್ಬಿಟ್ಟಿದೆ, ಹತ್ತು ನಿಮಿಷ ಉಳಿದ್ರೆ ಹೆಚ್ಚು, ಬಾ” ಎಂದು ಅತ್ತೆ. ನನ್ನಷ್ಟು ಚೆನ್ನಾಗಿ ಅಳುವವರು ನಾಟಕ ಕಂಪನಿಯಲ್ಲೂ ಇಲ್ಲ. ಅವಳು ಒಲೆಯ ಮೇಲಿನ ಅನ್ನ ಹಾಗೇ ಬಿಟ್ಟು, ಬೇರೆ ಬೇರೆ ಚಪ್ಪಲಿ ಮೆಟ್ಟಿಕೊಂಡು ಬಸ್ಸು ಹತ್ತಿದಳು. ಬಸ್‌ಸ್ಟ್ಯಾಂಡಿನಿಂದ ನೇರ ರಿಜಿಸ್ಟ್ರಾರ್ ಆಫೀಸಿಗೆ ಕರೆದುಕೊಂಡು ಹೋದೆ. ಅಲ್ಲಿ ಬೇವಿನ ಮರದ ಕೆಳಗೆ ಅಮ್ಮ ಎಲೆಅಡಿಕೆ ಹಾಕಿಕೊಂಡು ಕೂತಿದ್ದಳು, ಕಲ್ಲುಗುಂಡಿನಂತೆ. ನಾನು ಹೇಳಿದ ಸುಳ್ಳು ಅಮ್ಮನಿಗೂ ಗೊತ್ತಿರಲಿಲ್ಲ. “ಇದೇನವ್ವ ಹಿಂಗ್ ಬಂದಿದ್ದೀಯ?” ಎಂದು ಮಗಳ ಕಾಲನ್ನು ನೋಡಿದಳು. ವಾಣಿ ಒಳಗೆ ನಡೆದಳು. ಸಹಿ ಹಾಕಿದಳು. ಹೆಬ್ಬೆಟ್ಟು ಒತ್ತಿದಳು. ಮಸಿಯನ್ನು ಸೆರಗಿಗೆ ಒರೆಸಿಕೊಂಡು ಹೊರಟುಹೋದಳು. ಆಮೇಲೆ ಅವಳ ನಂಬರ್ ಇಲ್ಲ, ಬಾಡಿಗೆ ಮನೆ ಖಾಲಿ, ಅವಳ ಗಂಡನ ಕೆಲಸ ಬೇರೆ ಊರಿಗೆ. ಗಾಜಿನ ಬಾಗಿಲೂ ಮೂರು ಕ್ಯಾಮೆರಾವೂ ಆ ಒಂದು ಎಕರೆಯವು.

ಅರ್ಪಿತಳನ್ನು ಅಮ್ಮನ ಬಳಿ ಕೂರಿಸಿ ಸ್ಕೂಟರ್ ಹತ್ತಿದೆ. ಹಸಿರು ಕಣವನ್ನು ಕೊಟ್ಟದ್ದು ಎರಡನೇ ತಿರುವಿನ ಮುತ್ಯಾಲಮ್ಮನಿಗೆ. ಚೆನ್ನಾಗಿ ನೆನಪಿತ್ತು, ಏಕೆಂದರೆ ಆಕೆ ತಾಂಬೂಲ ತೆಗೆದುಕೊಂಡು ಎರಡನೇ ಸಲವೂ ಸಾಲಿನಲ್ಲಿ ನಿಂತಿದ್ದರು.

ಮುತ್ಯಾಲಮ್ಮ ಜಗಲಿಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದರು. ಪಕ್ಕದಲ್ಲಿ ಅವರ ಯಜಮಾನರು ವೆಂಕಟರಮಣಪ್ಪ ಪೇಪರು ಓದುತ್ತಿದ್ದರು.

“ಅಕ್ಕಾ, ಹಬ್ಬದ ದಿನ ನಾನು ಕೊಟ್ಟ ಹಸಿರು ಕಣ ಕೊಡಿ. ಜೀವ ಹೋಗೋ ಅರ್ಜೆಂಟು.”

“ಕೊಟ್ಟಿದ್ನ ವಾಪಸ್ ಕೇಳ್ತಾರೇನೋ ಮನೋಹರ? ಹೊಲ್ಸ್ಕೊಂಡ್ಬಿಟ್ಟೆ ಕಣಪ್ಪಾ.”

“ರವಿಕೇನೇ ತೋರ್ಸಿ.”

“ಒಗೆಯಕ್ಕೆ ಹಾಕಿದೀನಿ.”

“ಒದ್ದೇದೇ ತೋರ್ಸಿ ಅಕ್ಕಾ!”

ಮುತ್ಯಾಲಮ್ಮ ಒಳಗೆ ಹೋಗಿ ಒಂದು ರವಿಕೆ ತಂದರು. ನೇರಳೆ ಬಣ್ಣದ್ದು.

“ಇದು ಹಸಿರಾ?”

“ಒಗ್ದು ಒಗ್ದು ಹಿಂಗಾಯ್ತು.”

ವೆಂಕಟರಮಣಪ್ಪ ಪೇಪರು ಕೆಳಗಿಳಿಸಿದರು. “ಆ ಪಾಪದವನ್ನ ಯಾಕ್ ಗೋಳಾಡಿಸ್ತೀಯ? ಹೋದ ಮಂಗಳವಾರ ಮಾರಮ್ಮನ ಗುಡೀಲಿ ಮಡ್ಲಕ್ಕಿ ಕಟ್ಟಿದ್ಯಲ್ಲ, ಆ ಹಸ್ರುದೇ ತಾನೆ?”

“ನೀವು ಓದ್ಕೊಳ್ರಿ! ದೇವ್ರಿಗೆ ಕೊಟ್ಟಿದ್ದು ದಾಟ್ಸಿದಂಗಾ? ದೇವ್ರಿಗೆ ಕೊಟ್ಟಿದ್ದು ಅದು!”

ನಾನು ಆಗಲೇ ತಿರುವಿನಲ್ಲಿದ್ದೆ. ನನ್ನ ಸ್ಕೂಟರ್ ಆವತ್ತು ನೆಲ ಮುಟ್ಟಿದ್ದು ಮೂರೇ ಕಡೆ.

ಮಾರಮ್ಮನ ಗುಡಿಯ ಪೂಜಾರಿ ಆದಿನಾರಾಯಣಪ್ಪ ಗರ್ಭಗುಡಿ ತೊಳೆಯುತ್ತಿದ್ದ. ಹಸಿರು ಕಣ ಎಂದ ಕೂಡಲೇ ಪೊರಕೆಯನ್ನು ಎದೆಗೆ ಅಪ್ಪಿಕೊಂಡ.

“ಅಮ್ಮನೋರಿಗೆ ಬಂದಿದ್ದು ಅಮ್ಮನೋರದ್ದು. ನಾನ್ ಯಾರು ಕೇಳಕ್ಕೆ?”

“ಅಮ್ಮನೋರು ಎಲ್ಲಿಟ್ಟವ್ರೆ ಹೇಳು ಸ್ವಾಮಿ. ನಮ್ಮಮ್ಮ ಸಾಯ್ತಾವ್ಳೆ.”

“ಸಾಯ್ತಾವ್ಳಾ? ತಿರುಪ್ತೀಲಿ ಅವ್ಳೆ ಅಂದೆ?”

“ಸುಳ್ಳು ಹೇಳಿದ್ದೆ ಗುರು. ಈಗ ನಿಜ ಹೇಳ್ತಿದೀನಿ.”

ಅವನು ನನ್ನ ಮುಖವನ್ನೇ ನೋಡಿ ನಕ್ಕ. “ನೀನು ನಿಜ ಹೇಳ್ತೀನಿ ಅಂದಾಗ್ಲೆಲ್ಲ ನನ್ಗೆ ಭಯ ಆಯ್ತದೆ ಕಣೋ. ಹೋದ್ಸಾರಿ ಹಂಗೇ ಹೇಳಿ, ಗುಡಿಗೆ ಬೆಳ್ಳಿ ಬಾಗ್ಲು ಕೊಡಿಸ್ತೀನಿ ಅಂತ ಮೈಕಲ್ಲಿ ಕೂಗಿಸ್ಕೊಂಡೆ. ಬಾಗ್ಲಿಗೆ ಈಗ್ಲೂ ಚಿಲ್ಕ ಇಲ್ಲ.”

ಅವನ ಕಾಲು ಹಿಡಿದೆ. ಒದ್ದೆ ನೆಲದಲ್ಲಿ ಮಂಡಿಯೂರಿದೆ. ಆಗ ಅವನು ಗಾಬರಿಯಾಗಿ, ಅತ್ತ ಇತ್ತ ನೋಡಿ ದನಿ ತಗ್ಗಿಸಿದ. “ಏಳಪ್ಪಾ, ಏಳು. ಕಣಗಳು ರಾಶಿ ಬಿದ್ರೆ ಇಲಿ ಕಡೀತವೆ. ಅದ್ಕೇ ವಾರಕ್ಕೊಂದ್ಸಲ ಪಿಳ್ಳಪ್ಪನ ಬಟ್ಟೆ ಅಂಗ್ಡಿಗೆ ಕೊಟ್ಬಿಡ್ತೀನಿ. ಎಣ್ಣೆಬತ್ತಿ ಖರ್ಚಿಗೆ. ಯಾರ್ಗೂ ಹೇಳ್ಬೇಡ.”

ಅರ್ಪಿತಳ ಫೋನ್ ಬಂತು. “ಎಲ್ಲಿದೀರ? ಅತ್ತೆ ಬಾಗಿಲನ್ನೇ ನೋಡ್ತಿದಾರೆ. ಯಾರಾದ್ರೂ ಒಳಗೆ ಬಂದ್ರೆ ಕತ್ತು ಎತ್ತಕ್ಕೆ ನೋಡ್ತಾರೆ.”

“ಸಿಕ್ತು ಅಂತ ಹೇಳು.”

“ಸಿಕ್ತಾ?”

“ಹೇಳೇ, ಸುಮ್ನೆ.”

ಪೇಟೆ ಬೀದಿಯಲ್ಲಿ ಪಿಳ್ಳಪ್ಪನ ಅಂಗಡಿ ಗೌರಿ ಹಬ್ಬದ ಗಿರಾಕಿಗಳಿಂದ ತುಂಬಿತ್ತು. ಹೆಂಗಸರ ಗೋಡೆಯನ್ನು ಸೀಳಿಕೊಂಡು ಒಳಗೆ ನುಗ್ಗಿ, “ಪಿಳ್ಳಪ್ಪಣ್ಣ, ಗುಡಿಯಿಂದ ಬಂದಿರೋ ಹಳೇ ಕಣ ಎಲ್ಲಿಟ್ಟಿದ್ದೀಯ?” ಎಂದು ಕೂಗಿದೆ.

ಕೈಯಲ್ಲಿ ಕಣ ಹಿಡಿದಿದ್ದ ಒಬ್ಬಾಕೆ ಅದನ್ನು ಮೂಸಿ ನೋಡಿದಳು.

“ಲೇ ಹಾಳಾದವ್ನೆ!” ಪಿಳ್ಳಪ್ಪ ಗಲ್ಲಾ ಬಿಟ್ಟು ಎದ್ದ. “ನಮ್ ಅಂಗ್ಡೀಲಿ ಎಲ್ಲಾ ಸೂರತ್ ಮಾಲು! ಹೊಸಾ ಮಾಲು!” ನನ್ನ ತೋಳು ಹಿಡಿದು ಹಿಂದಿನ ಗೋದಾಮಿಗೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿದ. “ಹಬ್ಬದ್ ಟೈಮಲ್ಲಿ ನನ್ ಹೊಟ್ಟೆ ಮೇಲ್ ಹೊಡೀತೀಯೇನೋ?”

“ಅಣ್ಣ, ಗಿಳಿಹಸ್ರು. ಕೆಂಪಂಚು. ಅದರ ಮಡಿಕೇಲಿ ನನ್ನ ತಂಗಿ ನಂಬರ್ ಇದೆ.”

“ಗುಡೀದು ಒಂದೂ ಉಳಿದಿಲ್ಲ. ಎಲ್ಲಾ ಒಂದೇ ಗಂಟು ಮಾಡಿ ಶನಿವಾರ ಕೊಟ್ಬಿಟ್ಟೆ.”

“ಯಾರಿಗೆ? ಯಾವೂರೋರಿಗೆ?”

ಪಿಳ್ಳಪ್ಪ ನನ್ನನ್ನು ವಿಚಿತ್ರವಾಗಿ ನೋಡಿದ. “ನಿನ್ಗೇ ಅಲ್ವೇನೋ. ಬಾಗಿನದ ಸೆಟ್ ಮಾಡಕ್ಕೆ ಅಗ್ಗದ್ದು ಕೊಡಿ ಅಂತ ನಿನ್ ಹೆಂಡ್ತಿ ಬಂದು ಇನ್ನೂರು ಕಣ ತಗೊಂಡೋದ್ಲಲ್ಲ.”

ನಮ್ಮ ಅಂಗಡಿಯ ಮುಂದೆ, ಹಗ್ಗಕ್ಕೆ, ಸಾಲಾಗಿ ನೇತು ಹಾಕಿದ್ದೆವು. ಪ್ಲಾಸ್ಟಿಕ್ ಕವರಿನಲ್ಲಿ ಒಂದು ಕಣ, ಪುಟ್ಟ ಕನ್ನಡಿ, ಬಾಚಣಿಗೆ, ಬಳೆ, ಅರಿಶಿನ ಕುಂಕುಮದ ಪೊಟ್ಟಣ. “ಒಂದೇ ಕಡೆ ಎಲ್ಲಾ ಸಿಗುತ್ತೆ” ಎಂದು ಚೀಟಿ ಅಂಟಿಸಿದ್ದವನೂ ನಾನೇ.

ಹೋಗಿ ಶಟರ್ ಎತ್ತಿದೆ. ಭಾನುವಾರ ಮೂವತ್ತು ಸೆಟ್ ಮಾರಿದ್ದೆ, ಸೋಮವಾರ ಇಪ್ಪತ್ತು. ಬೀದಿಗೆಲ್ಲಾ ಇನ್ನೂರು ಮಾರಿದೆ ಎಂದು ಹೇಳಿಕೊಂಡಿದ್ದೆ. ಆ ಮಾತು ನಿಜವಾಗದಿದ್ದುದಕ್ಕೆ ಬದುಕಿನಲ್ಲಿ ಮೊದಲ ಸಲ ಸಂತೋಷಪಟ್ಟೆ. ಹಗ್ಗವನ್ನೇ ಕಿತ್ತು ನೆಲದ ಮೇಲೆ ಸುರಿದುಕೊಂಡೆ. ಹಲ್ಲಿನಲ್ಲಿ ಕವರ್ ಹರಿದೆ. ಕನ್ನಡಿಗಳು ಒಡೆದವು, ಬಳೆ ಉರುಳಿ ಚರಂಡಿಗೆ ಹೋದವು, ಕುಂಕುಮ ನನ್ನ ಅಂಗಿಯ ಮೇಲೆಲ್ಲಾ. ಹಸಿರು ಸಿಕ್ಕಿದಾಗೆಲ್ಲಾ ಕೊಡವಿ ಅಂಚು ನೋಡಿದೆ. ಎಲೆಹಸಿರು, ಪಾಚಿಹಸಿರು, ಮಾವಿನಕಾಯಿ ಹಸಿರು. ಇಷ್ಟು ಹಸಿರು ದೇವರು ಕಾಡಿಗೂ ಕೊಟ್ಟಿಲ್ಲ.

ಎದುರುಗಡೆ ಹೂವಿನ ಗಾಡಿಯ ಮುನಿಲಕ್ಷ್ಮಮ್ಮ ಕನಕಾಂಬರ ಕಟ್ಟುತ್ತಾ ನನ್ನನ್ನೇ ನೋಡುತ್ತಿದ್ದಳು. ಅಮ್ಮನ ವಯಸ್ಸಿನವಳು, ಅಮ್ಮನ ಹಾಗೇ ಗಂಡ ಇಲ್ಲದವಳು. ಹಬ್ಬಕ್ಕೆ ನಾನು ಕರೆಯದಿದ್ದ ಕೆಲವೇ ಹೆಂಗಸರಲ್ಲಿ ಒಬ್ಬಳು.

ನೂರ ಹನ್ನೊಂದನೆಯ ಕವರಿನಲ್ಲಿ ಗಿಳಿಹಸಿರು ಇತ್ತು. ಈ ಲೆಕ್ಕದಲ್ಲಿ ಒಂದೂ ಸೇರಿಸಿಲ್ಲ. ಬಿಚ್ಚಿದೆ. ಶಾಲೆಯ ಪುಸ್ತಕದಿಂದ ಹರಿದ ಗೆರೆ ಹಾಳೆ, ನಾಲ್ಕು ಮಡಿಕೆ, ವಾಣಿಯ ದುಂಡು ಅಕ್ಷರ. “ಅಮ್ಮ, ಇದು ನಿನಗೆ ಮಾತ್ರ.” ಕೆಳಗೆ ಹತ್ತು ಅಂಕಿ.

ಗಂಟೆ ಹನ್ನೆರಡೂಕಾಲು. ಎರಡು ಸಲ ತಪ್ಪಾಗಿ ಒತ್ತಿದೆ. ಮೂರನೇ ಸಲ ರಿಂಗಾಯಿತು.

“ಹಲೋ, ಯಾರು?”

ಹಿಂದೆ ಕುಕ್ಕರ್ ಕೂಗುತ್ತಿತ್ತು. ಎರಡು ವರ್ಷದ ಮೇಲೆ ಕೇಳಿದ ದನಿ.

“ವಾಣಿ, ನಾನು. ಅಣ್ಣ.”

ಅವಳು ಫೋನ್ ಇಡುವ ಮೊದಲೇ ಒಂದೇ ಉಸಿರಿಗೆ ಹೇಳಿದೆ.

“ಅಮ್ಮನಿಗೆ ಹಾರ್ಟ್ ತೊಂದ್ರೆ. ಆಸ್ಪತ್ರೇಲಿದಾಳೆ. ಡಾಕ್ಟರು ಇವತ್ತೇ ಬರಕ್ಕೆ ಹೇಳಿ ಅಂದಿದಾರೆ. ನಿನ್ನನ್ನೇ ಕೇಳ್ತಿದಾಳೆ, ಬಾರೇ.”

“ಹೌದಾ,” ಎಂದಳು. ಕೋಪವೇ ಇಲ್ಲದ ದನಿ. “ಈ ಸಲ ಯಾವ ಆಫೀಸಿಗೆ ಬರ್ಬೇಕು?”

“ವಾಣಿ, ಅಮ್ಮನಾಣೆ...”

“ಆವತ್ತೂ ಅಮ್ಮನ ಮೇಲೇ ಆಣೆ ಇಟ್ಟಿದ್ದೆ.”

ಫೋನ್ ಇಟ್ಟಳು. ಮತ್ತೆ ಮಾಡಿದೆ, ಹೋಗಲಿಲ್ಲ. ಹತ್ತು ಸಲ ಮಾಡಿದೆ. ನನ್ನ ನಂಬರನ್ನು ಬ್ಲಾಕ್ ಮಾಡಿದ್ದಳು.

ಕನ್ನಡಿ ಚೂರುಗಳ ನಡುವೆ ಕೂತೆ. ಹೇಳುವುದಕ್ಕೆ ನನ್ನ ಹತ್ತಿರ ಒಂದು ಲಕ್ಷ ಮಾತಿದ್ದವು. ಅವುಗಳಲ್ಲಿ ಯಾವುದನ್ನೂ ಯಾರೂ ನಂಬುವ ಹಾಗಿರಲಿಲ್ಲ. ಇನ್ನೂ ಕೆಟ್ಟದಾಗಿ ಹೇಳಿದರೆ ನಂಬಿಯಾಳೇ? ಅಮ್ಮ ಸತ್ತೇ ಹೋದಳು ಎಂದುಬಿಡಲೇ? ಹಾಗೂ ಯೋಚಿಸಿದೆ. ಹಾಗೆಂದರೆ ಹೆಣ ನೋಡಲಾದರೂ ಬರುತ್ತಾಳೆ, ಬಂದಾಗ ಅಮ್ಮ ಬದುಕಿರುತ್ತಾಳೆ. ಎಷ್ಟು ಒಳ್ಳೆಯ ಉಪಾಯ! ಬೇರೆ ಯಾರದಾದರೂ ಫೋನ್ ಸಿಕ್ಕರೆ ಸಾಕು. ಎದ್ದು ಬೀದಿ ದಾಟಿ ಮುನಿಲಕ್ಷ್ಮಮ್ಮನ ಗಾಡಿಗೆ ಹೋದೆ.

“ನಿನ್ ಫೋನ್ ಕೊಡಮ್ಮ. ಒಂದು ಕಾಲ್ ಮಾಡ್ಬೇಕು.”

ಅವಳು ಹೂ ಕಟ್ಟುವುದನ್ನು ನಿಲ್ಲಿಸಲಿಲ್ಲ. “ವಾಣಿಗಾ?”

ಚೀಟಿಯನ್ನು ಮುಷ್ಟಿಯೊಳಗೆ ಮುಚ್ಚಿಕೊಂಡೆ.

“ನನ್ ಫೋನಿಂದ ಮಾಡಿದ್ರೆ ಎತ್ತುತ್ತೆ ಆ ಮಗ. ಪ್ರತಿ ಶುಕ್ರವಾರ ಎತ್ತುತ್ತೆ.” ದಾರವನ್ನು ಹಲ್ಲಿನಿಂದ ತುಂಡು ಮಾಡಿದಳು. “ವಾಣಿ ಆ ಚೀಟಿ ತಂದ್ ಕೊಟ್ಟಿದ್ದೇ ನನ್ ಕೈಗೆ. ನಿಮ್ಮಮ್ಮ ಗುಡಿಗ್ ಹೋಯ್ತೀನಿ ಅಂತ ಆ ಕಣ ಹಿಡ್ಕೊಂಡು ಬಂದು ಇಲ್ಲಿ ಕೂತ್ಕೊಂಡು ಮಾತಾಡ್ತ ಇದ್ಲು. ನಂಬರ್ ಫೋನಲ್ಲೇ ಐತಲ್ಲ, ಚೀಟಿ ಯಾಕಮ್ಮ ತತ್ತೀಯ ಅಂದ್ರೆ, ಇರ್ಲಿ ಬಿಡು, ಮಗಳು ಬರ್ದಿದ್ದು ಅನ್ನೋಳು. ಎರಡು ಶುಕ್ರವಾರ ಬರ್ಲಿಲ್ಲ. ಕೇಳಿದ್ರೆ ನೀನು ತಿರುಪತಿ ಅಂದೆ, ಇಮಾನ ಅಂದೆ.”

“ಅಮ್ಮ ಸಾಯ್ತಿದಾಳೆ ಮುನಿಲಕ್ಷ್ಮಮ್ಮ.”

“ಪುರಸಭೆಯೋರು ನಿನ್ ಅಂಗ್ಡಿ ಕಟ್ಟೆ ಒಡಿಯಕ್ಕೆ ಬಂದಾಗ್ಲೂ ಹಂಗೇ ಅಂದೆ. ಆವಮ್ಮ ನನ್ ಪಕ್ಕ ಕೂತು ಕಡ್ಲೆಕಾಯ್ ತಿಂತಿತ್ತು.”

“ಏನು ಮಾಡಿದ್ರೆ ನಂಬ್ತೀಯ?”

“ನಿನ್ ಮಾತ್ನ ನಂಬಕ್ಕಾಗಲ್ಲ ಕಣಪ್ಪಾ. ನಾನ್ ಕಣ್ಣಲ್ಲಿ ನೋಡ್ಬೇಕು. ನೋಡಿ, ನಾನೇ ಹೇಳ್ತೀನಿ.”

ಹೂವಿನ ಮೇಲೆ ಒದ್ದೆ ಗೋಣಿ ಹೊದಿಸಿ ಸ್ಕೂಟರ್ ಹತ್ತಿದಳು. ದಾರಿಯುದ್ದಕ್ಕೂ ನನ್ನ ಅಂಗಿಯನ್ನು ಹಿಂದಿನಿಂದ ಮುಷ್ಟಿಯಲ್ಲಿ ಹಿಡಿದಿದ್ದಳು, ಕಳ್ಳನನ್ನು ಠಾಣೆಗೆ ಕರೆದೊಯ್ಯುವವರ ಹಾಗೆ.

ಅಮ್ಮನನ್ನು ನೋಡಿದ್ದೇ ಅವಳ ಮುಖ ಇಳಿದುಹೋಯಿತು. “ವರಲಕ್ಷ್ಮೀ,” ಎಂದು ಅಮ್ಮನ ಹೆಸರು ಹಿಡಿದು ಕರೆದು ಮಂಚದ ಪಕ್ಕ ಕುಸಿದು ಕೂತಳು. ಅಮ್ಮ ಅವಳ ಕೈಯನ್ನು ತಡವಿದಳು. ಕನಕಾಂಬರದ ಬಣ್ಣ ಹತ್ತಿದ ಆ ಬೆರಳುಗಳನ್ನು ಗುರುತಿಸಿರಬೇಕು. ಮುನಿಲಕ್ಷ್ಮಮ್ಮನಿಗೆ ಓದು ಬರುವುದಿಲ್ಲ. ಫೋನಿನಲ್ಲಿ ವಾಣಿಯ ಹೆಸರಿನ ಜಾಗದಲ್ಲಿ ಒಂದು ಗುಲಾಬಿ ಹೂವಿನ ಚಿತ್ರ ಇತ್ತು, ಅದನ್ನು ಒತ್ತಿ ವಿಡಿಯೋ ಕಾಲ್ ಮಾಡಿದಳು. ಒತ್ತುವ ಮೊದಲು ನನ್ನ ಕಡೆ ತಿರುಗಿ, “ನೀನು ಆ ಕಂಬದ್ ಪಕ್ಕ ನಿಂತ್ಕೊ. ನಿನ್ ಮುಖ ಕಂಡ್ರೆ ಕಟ್ ಮಾಡ್ತದೆ” ಎಂದಳು.

ಕಂಬದ ಪಕ್ಕ ನಿಂತೆ. ಮುಖ ನನಗೆ ಕಾಣಲಿಲ್ಲ, ದನಿ ಮಾತ್ರ ಕೇಳಿಸಿತು.

“ಮುನಿಲಕ್ಷ್ಮಮ್ಮಾ, ಇವತ್ತು ಶುಕ್ರವಾರ ಅಲ್ವಲ್ಲ...”

“ನೋಡವ್ವ,” ಎಂದು ಅವಳು ಫೋನನ್ನು ಅಮ್ಮನ ಕಡೆ ತಿರುಗಿಸಿದಳು.

ವಾಣಿ “ಅಮ್ಮಾ” ಎಂದಳು. ಅಮ್ಮ ಕೈ ಎತ್ತಿ ಪರದೆಯನ್ನು ಮುಟ್ಟಲು ಹೋದಳು, ಡ್ರಿಪ್ಪಿನ ಪೈಪು ಎಳೆದುಕೊಂಡಿತು, ಅರ್ಪಿತ ಓಡಿ ಬಂದು ಹಿಡಿದಳು. “ಹೊರ್ಟೆ ಅಮ್ಮಾ. ಇರು. ಹೊರ್ಟೆ. ಮಾಲೂರಿಂದ ಬರ್ಬೇಕು. ಇರು ಅಮ್ಮಾ.”

ಮಾಲೂರು! ಅಷ್ಟು ಹತ್ತಿರ. ನಾನು ಅವಳು ಹುಬ್ಬಳ್ಳಿಯಲ್ಲೋ ಮುಂಬೈಯಲ್ಲೋ ಇದ್ದಾಳೆ ಎಂದುಕೊಂಡಿದ್ದೆ. ಆಗಲೇ ಫೋನ್ ತೆಗೆದು ಮಾಲೂರಿನಲ್ಲಿ ನನಗೆ ಗೊತ್ತಿದ್ದ ಟ್ಯಾಕ್ಸಿಯವನಿಗೆ ಹೇಳಿದೆ. ಮುನಿಲಕ್ಷ್ಮಮ್ಮ ಅದನ್ನು ವಾಣಿಗೆ ತಿಳಿಸಿದಳು. ಮರುಕ್ಷಣವೇ ಉತ್ತರ ಬಂತು. “ಬೇಡ. ಅವನು ಕಳ್ಸಿದ ಕಾರು ಎಲ್ಲಿಗೆ ಹೋಗುತ್ತೋ. ಬಸ್ಸಲ್ಲೇ ಬರ್ತೀನಿ.”

ಮಾಲೂರಿನಿಂದ ಹೊಸಕೋಟೆ, ಹೊಸಕೋಟೆಯಿಂದ ಸೂಲಿಬೆಲೆ ಮೇಲೆ ದೇವನಹಳ್ಳಿ. ನಾನಾದರೆ ಮುಕ್ಕಾಲು ಗಂಟೆಯಲ್ಲಿ ಬರುತ್ತಿದ್ದೆ ಎಂದು ಯಾರಿಗಾದರೂ ಹೇಳಬೇಕೆನಿಸಿತು. ಯಾರೂ ಕೇಳಲಿಲ್ಲ. ಎರಡು ಗಂಟೆಗೆ ಅವಳಿಗೆ ಬಸ್ಸು ಸಿಕ್ಕಿತು. ಮೂರಕ್ಕೆ ಹೊಸಕೋಟೆಯಲ್ಲಿ ಇನ್ನೊಂದು ಬಸ್ಸು ಹತ್ತಿದಳು. ಪ್ರತಿ ಸಲ ಫೋನ್ ಬಂದಾಗಲೂ ಮುನಿಲಕ್ಷ್ಮಮ್ಮ ಅಮ್ಮನ ಕಿವಿಯಲ್ಲಿ ಊರಿನ ಹೆಸರು ಹೇಳುತ್ತಿದ್ದಳು. ಹೇಳಿದಾಗೆಲ್ಲಾ ಅಮ್ಮನ ರೆಪ್ಪೆ ಅಲ್ಲಾಡುತ್ತಿತ್ತು.

ನಾನು ಡಾಕ್ಟರ ಹಿಂದೆ ಹಿಂದೆ ತಿರುಗಿದೆ. “ಇನ್ನೊಂದು ಗಂಟೆ ಮೇಡಂ. ಏನಾದ್ರೂ ಇಂಜೆಕ್ಷನ್ ಕೊಡಿ. ಒಂದೇ ಗಂಟೆ.” ಆಕೆ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಹೊಸಕೋಟೆ ಎಂದು ಹೇಳಿದ ಮೇಲೆ ಅಮ್ಮ ಮತ್ತೆ ಕಣ್ಣು ಬಿಡಲಿಲ್ಲ. ಮೂರೂ ಮುಕ್ಕಾಲಿಗೆ ನರ್ಸುಗಳು ಓಡಿ ಬಂದರು, ಪರದೆ ಎಳೆದರು, ನಮ್ಮನ್ನು ಹೊರಗೆ ಕಳಿಸಿದರು. ಏಳೆಂಟು ನಿಮಿಷ ಕಳೆಯಿತು. ಪರದೆಯ ಆ ಕಡೆ ಸದ್ದು ನಿಂತಿತು. ಡಾಕ್ಟರು ಬಂದು, ಮೂರು ಐವತ್ತಮೂರು ಎಂದು ಗಡಿಯಾರ ನೋಡಿ ಹೇಳಿದಳು.

ಅರ್ಪಿತ ಗೋಡೆಗೆ ಮುಖ ಮಾಡಿ ಅತ್ತಳು. ನನಗೆ ಅಳು ಬರಲಿಲ್ಲ. ಅಷ್ಟು ಚೆನ್ನಾಗಿ ಅಳುವವನಿಗೆ.

ಬೆಂಚಿನ ಮೇಲೆ ಮುನಿಲಕ್ಷ್ಮಮ್ಮನ ಮಡಿಲಲ್ಲಿ ಫೋನ್ ಹೊಡೆದುಕೊಳ್ಳತೊಡಗಿತು. ಗುಲಾಬಿ ಹೂವು. ಅವಳು ಸೆರಗನ್ನು ಬಾಯಿಗೆ ತುರುಕಿಕೊಂಡು ತಲೆಯಾಡಿಸಿದಳು. ತನ್ನಿಂದ ಆಗುವುದಿಲ್ಲ ಎಂದು ಫೋನನ್ನು ನನ್ನ ಕಡೆ ಚಾಚಿದಳು.

ತೆಗೆದುಕೊಂಡೆ. ಬಸ್ಸಿನ ಗದ್ದಲ, ಯಾವುದೋ ಮಗುವಿನ ಅಳು, ಕಂಡಕ್ಟರನ ಸೀಟಿ.

“ಮುನಿಲಕ್ಷ್ಮಮ್ಮಾ, ಸೂಲಿಬೆಲೆ ಬಂತು. ಕೂರಕ್ಕೂ ಜಾಗ ಇಲ್ಲ, ನಿಂತ್ಕೊಂಡೇ ಬರ್ತಿದೀನಿ. ಅಮ್ಮನ ಕಿವೀಲಿ ಹೇಳು.”

“ನಾನು,” ಎಂದೆ.

ಅವಳು ಫೋನ್ ಇಡಲಿಲ್ಲ. ತುಂಬಿದ ಬಸ್ಸು, ಮೇಲಿನ ಕಂಬಿಗೆ ಒಂದು ಕೈ. ಸೂಲಿಬೆಲೆಯಿಂದ ಇನ್ನೂ ಮುಕ್ಕಾಲು ಗಂಟೆ.

“ಅಮ್ಮ ಹೇಗಿದಾಳೆ?”

“ಕಾಯ್ತಾ ಇದಾಳೆ.”

“ನಿಜ ಹೇಳು.”

“ನಿಜ. ನೀನು ಬಾ.”

“ಏನಾದ್ರೂ ಕುಡಿಯಕ್ಕೆ ಕೊಡ್ತಾರಾ? ಬಸ್ಸು ಇಲ್ಲಿ ಐದು ನಿಮಿಷ ನಿಲ್ಲುತ್ತಂತೆ. ಎಳನೀರು ಇಟ್ಕೊಂಡಿದಾನೆ ಒಬ್ಬ. ಅವಳಿಗೆ ಎಳನೀರು ಅಂದ್ರೆ...” ಮಾತು ನಿಲ್ಲಿಸಿದಳು. “ತರ್ಲಾ ಅಣ್ಣ?”

“ತಗೊಂಡ್ ಬಾ,” ಎಂದೆ. “ಎರಡು ತಗೊಂಡ್ ಬಾ.”